ಒಂದು ಲೆಕ್ಕದ ವಿಷಯವಾಗಿ ನಾಲ್ಕು ಮಾತು

ಅಮೇರಿಕಾ ದೇಶದಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ವರುಷ ನಮಗೊಂದು ಪತ್ರವನ್ನು ಬರೆದಳು. ಆಕೆಯ ಸೋದರತ್ತೆಯು 42ನೆಯ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರಿನಿಂದ ತೀರಿಕೊಂಡವರು. ಅಲ್ಲಿ ಬಳಕೆಯಲ್ಲಿರುವ ಗೇಲ್ ಎಂಬ ಲೆಕ್ಕದ ಕ್ರಮಕ್ಕೆ ತನ್ನ ಸಂಗತಿಗಳನ್ನು ಕೊಟ್ಟಾಗ, ಮುಂದಿನ ಐದು ವರುಷಗಳಲ್ಲಿ ಆಕೆಗಿರುವ ಅಪಾಯವು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯೆಂದು ಉತ್ತರವು ಬಂದಿತಂತೆ. ಇದನ್ನು ನಂಬಬಹುದೋ ಎಂದು ಕೇಳಿದ್ದಾಳೆ. ನಾವು ವೈದ್ಯರಲ್ಲ, ಗಣಿತವನ್ನು ಕಲಿಸುವವರು. ಆದರೆ ಈ ಪ್ರಶ್ನೆಯಲ್ಲಿ ಅರ್ಧ ಪಾಲು ಗಣಿತದ್ದೇ ಆಗಿರುವದರಿಂದ ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇವೆ.

ಈ ಲೆಕ್ಕವನ್ನು ಮಿಚೆಲ್ ಗೇಲ್ ಎಂಬವರೂ ಅವರ ಸಂಗಡಿಗರೂ 1989ರಲ್ಲಿ ರಚಿಸಿದರು. ವಯಸ್ಸೆಷ್ಟು, ಮೈನೆರೆದದ್ದು ಯಾವಾಗ, ಚೊಚ್ಚಲ ಹೆರಿಗೆ ಯಾವಾಗ, ಸ್ತನದಿಂದ ಚೂರು ತೆಗೆದು ಪರೀಕ್ಷಿಸಿದ್ದುಂಟೋ, ತಾಯಿ, ಅಕ್ಕತಂಗಿಯರು, ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ರೋಗ ಬಂದಿತ್ತು ಎಂಬವೇ ಅದರ ಪ್ರಶ್ನೆಗಳು. ಸೋದರತ್ತೆಗೆ ಅದರಲ್ಲಿ ಸ್ಥಳವಿಲ್ಲ! ಆದರೆ ವಂಶದಿಂದ ಬರುವ ದೋಷವು ತಾಯಿಯಿಂದ ಬರುವಷ್ಟೇ ತಂದೆಯಿಂದಲೂ ಬರುತ್ತದೆ. 1990ರಲ್ಲಿ ಮೇರಿ ಕ್ಲೇರ್ ಕಿಂಗ್ ಎಂಬ ವಿದ್ವಾಂಸೆಯು ಇಂತಹ ದೋಷವೊಂದರ ನೆಲೆಯನ್ನು 17ನೆಯ ಕ್ರೋಮೋಸೋಮಿನಲ್ಲಿ ತೋರಿಸಿಕೊಟ್ಟಳು. ನೂರು ರೋಗಿಗಳಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ರೋಗವು ಹೀಗೆ ವಂಶದಿಂದ ಬಂದದ್ದು; ಆದರೆ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಅತ್ತೆಯುಳ್ಳವಳು ಆ ಲೆಕ್ಕವನ್ನು ನೆಚ್ಚಿ ಕುಳಿತುಕೊಳ್ಳದೆ, ಎರಡೂ ಕಡೆಯ ವಂಶಾವಳಿಯನ್ನು ಬರೆದುಕೊಂಡು ವಂಶವಾಹಿಗಳ ವಿಷಯವನ್ನು ಬಲ್ಲ ವೈದ್ಯರನ್ನು ಕಾಣತಕ್ಕದ್ದು. ಹಾಗೆಂದೇ ಆಕೆಗೆ ಉತ್ತರ ಬರೆದಿದ್ದೇವೆ.

ಇನ್ನೊಂದು ಸಂಗತಿಯುಂಟು. ಆ ಲೆಕ್ಕವು ಮೊದಲು ಬಿಳಿಯ ಸ್ತ್ರೀಯರನ್ನು ನೋಡಿ ಮಾಡಿದ್ದು. ಕರಿಯ ಸ್ತ್ರೀಯರಿಗಾಗಿ 2007ರಲ್ಲಿಯೂ ಏಷ್ಯಾದ ಮೂಲದವರಿಗಾಗಿ 2011ರಲ್ಲಿಯೂ ಅದನ್ನು ತಿದ್ದಿದರು. ಆದರೆ ಆ ಏಷ್ಯಾದವರೆಂದರೆ ಅಮೇರಿಕೆಯಲ್ಲಿದ್ದ ಚೀನೀಯರು, ಜಪಾನೀಯರು, ಫಿಲಿಪ್ಪೀನಿನವರು. ನಮ್ಮ ಹುಡುಗಿಯು ಅವರ ಅಳತೆಗೆ ಹೊಲಿದ ರವಿಕೆಯನ್ನು ತೊಡಬೇಕಾಯಿತು. ಅಳತೆ ಸರಿಯಾಗಿದ್ದರೂ ಅದು ಗುಂಪಿನ ಲೆಕ್ಕವೇ. ತರಗತಿಯ ಸರಾಸರಿ ಅಂಕವು 52 ಎಂದ ಮಾತ್ರಕ್ಕೆ ಮೂರನೆಯ ಬೆಂಚಿನ ಹುಡುಗಿಗೂ 52 ಬಂದೀತೆಂದು ಯಾವ ಉಪಾಧ್ಯಾಯಿನಿಯೂ ಹೇಳಲಾರಳು.

ಸನ್ಯಾಸಿನಿಯರಲ್ಲಿ ಈ ರೋಗವು ಹೆಚ್ಚೆಂದು ಇಟಲಿಯ ರಾಮಜೀನಿ ಎಂಬ ವೈದ್ಯನು 1713ರಲ್ಲಿಯೇ ಬರೆದನು. 1926ರಲ್ಲಿ ಇಂಗ್ಲೆಂಡಿನ ಜಾನೆಟ್ ಲೇನ್ ಕ್ಲೇಪನ್ ಎಂಬ ವೈದ್ಯೆಯು ರೋಗವುಳ್ಳ ಸುಮಾರು 500 ಮಂದಿಯನ್ನು ರೋಗವಿಲ್ಲದ ಅಷ್ಟೇ ಮಂದಿಯೊಡನೆ ಹೋಲಿಸಿದಳು. 2002ರಲ್ಲಿ 30 ದೇಶಗಳ ಲೆಕ್ಕವನ್ನು ಕೂಡಿಸಿದವರು, ಪ್ರತಿಯೊಂದು ಹೆರಿಗೆಯಿಂದ ಅಪಾಯವು ನೂರಕ್ಕೆ 7 ಪಾಲೂ ಪ್ರತಿ 12 ತಿಂಗಳು ಮೊಲೆಯುಣಿಸುವದರಿಂದ ಇನ್ನೂ 4.3 ಪಾಲೂ ತಗ್ಗುವದೆಂದು ಕಂಡರು. ಮದುವೆಯಾಗದೆ ಶಾಲೆಯಲ್ಲಿಯೇ ಕಾಲ ಕಳೆದ ನಮ್ಮಂತಹವರು ಇದನ್ನು ಓದಿ ತುಸು ಗಂಭೀರರಾದದ್ದು ಸಹಜವೇ. ಆದರೂ ಹೆಣ್ಣು ಹೆಚ್ಚು ಓದಿದ್ದರಿಂದಲೇ ರೋಗ ಬಂತೆಂದು ಹೇಳುವವರಿಗೆ ನಾವು ಕಿವಿಗೊಡುವದಿಲ್ಲ. ಬಹು ಮಕ್ಕಳನ್ನು ಹೆತ್ತು ಎಲ್ಲರಿಗೂ ಹಾಲೂಡಿದ ನಮ್ಮ ಅಕ್ಕನಿಗೆ ಈ ರೋಗವು ಬಂದಿತು. ನಮಗೆ ಈ ವರೆಗೆ ಬಂದಿಲ್ಲ.

ನಮ್ಮ ದೇಶದಲ್ಲಿ ಈ ರೋಗ ಬರುವ ಪ್ರಮಾಣವು ಅಮೇರಿಕೆಯದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಸಾಯುವವರ ಪ್ರಮಾಣದಲ್ಲಿಯಾದರೋ ಹೆಚ್ಚು ವ್ಯತ್ಯಾಸವಿಲ್ಲ. ಅಪಾಯವು ಕಡಿಮೆಯಾಗಿದ್ದೂ ಮರಣವು ಸಮವಾಗುವದೇಕೆ? ಗಂಟನ್ನು ಸೆರಗಿನಡಿ ಮುಚ್ಚಿಟ್ಟು, ಕಡೆಗೆ ಹುಣ್ಣಾದ ಮೇಲೆ ಆಸ್ಪತ್ರೆಗೆ ಬರುವದರಿಂದ. ಹಣವಿಲ್ಲದ್ದರಿಂದ, ಆಸ್ಪತ್ರೆ ದೂರವಿದ್ದದ್ದರಿಂದ ಕೂಡ. ಮುಂಬಯಿಯ ಟಾಟಾ ಆಸ್ಪತ್ರೆಯವರು 1998ರಿಂದ ಒಂದೂವರೆ ಲಕ್ಷ ಸ್ತ್ರೀಯರಲ್ಲಿ ಪರೀಕ್ಷೆ ನಡಿಸಿ, ತರಬೇತು ಹೊಂದಿದ ಕಾರ್ಯಕರ್ತೆಯರು ಎರಡು ವರುಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡಿದಲ್ಲಿ 50 ದಾಟಿದವರ ಮರಣವು ನೂರಕ್ಕೆ ಸುಮಾರು 30ರಷ್ಟು ತಗ್ಗಿತೆಂದು 2021ರಲ್ಲಿ ಪ್ರಕಟಿಸಿದರು. ಚಿಕ್ಕವರಲ್ಲಿ ಅಂತಹ ಲಾಭವು ಕಾಣಲಿಲ್ಲವೆಂದೂ ಅವರೇ ಹೇಳಿದ್ದಾರೆ.

ಇದನ್ನು ಓದಿದ ಮೇಲೆ ನಾವು ತಾಯಂದಿರ ಕೂಟಕ್ಕೆ ಒಬ್ಬ ನರ್ಸಮ್ಮನವರನ್ನು ಕರೆಯಿಸಿದೆವು. ಹೊಲಿಗೆಯ ಕೋಣೆಯಲ್ಲಿ ತೆರೆಯನ್ನು ಕಟ್ಟಿದ್ದಾಯಿತು. ಅರ್ಧ ತಾಸಾದರೂ ಯಾರೂ ಏಳಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ನಮ್ಮ ಆಯಾ, ಅರುವತ್ತು ದಾಟಿದವಳು, ಸೆರಗನ್ನು ಸರಿಪಡಿಸಿಕೊಂಡು ಮೊದಲು ಒಳಗೆ ಹೋದಳು. ಆಕೆಯು ಹೊರಗೆ ಬರುವಷ್ಟರಲ್ಲಿ ಏಳು ಮಂದಿ ಎದ್ದು ನಿಂತಿದ್ದರು.