ಹನಿ ಸೋರುವ ನಳ

ಮನೆಗೆ ಬರುವ ದೊಡ್ಡ ಆಪತ್ತು ಸದ್ದು ಮಾಡುತ್ತ ಬರುತ್ತದೆ. ಗಾಳಿಗೆ ಹೆಂಚು ಹಾರಿದರೆ, ಮಳೆಗೆ ಗೋಡೆ ಕುಸಿದರೆ ಓಣಿಯ ಜನರೆಲ್ಲ ಕೂಡುತ್ತಾರೆ. ಕೂಡಿ ಎತ್ತಿ ನಿಲ್ಲಿಸುತ್ತಾರೆ. ಸಣ್ಣ ನಷ್ಟಕ್ಕೆ ಅಂತಹ ಸಾಕ್ಷಿಗಳಿಲ್ಲ. ಅದು ಹನಿಹನಿಯಾಗಿ ಜಾರುತ್ತದೆ. ಮೊದಲ ದಿನ ಕಿವಿಗೆ ಕೇಳಿಸುತ್ತದೆ. ಹತ್ತನೆಯ ದಿನ ಕೇಳಿಸುವುದಿಲ್ಲ. ಹನಿ ಬೀಳುತ್ತಲೇ ಇರುತ್ತದೆ, ಕಿವಿ ಮಾತ್ರ ಅದಕ್ಕೆ ಒಗ್ಗಿಹೋಗಿರುತ್ತದೆ. ಅಡುಗೆಮನೆಯ ನಳ ಸೋರುವುದು ಇಂತಹ ನಷ್ಟಗಳಲ್ಲಿ ಒಂದು. ತೀರ ಸಾಮಾನ್ಯವೆನಿಸುವ ಈ ಸಂಗತಿಯಲ್ಲಿ ಅರಿತುಕೊಳ್ಳಬೇಕಾದ ಮಾತುಗಳು ಕೆಲವಿವೆ.

ಧಾರವಾಡದ ಜನರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಕಟ್ಟಿದ ರೇಣುಕಾಸಾಗರದಿಂದ ಈ ಊರಿಗೆ ನೀರು ಬರುತ್ತದೆ. ಅಮ್ಮಿನಭಾವಿಯಲ್ಲಿ ಶುದ್ಧಗೊಂಡು ಮನೆಮನೆಯ ನಳಕ್ಕೆ ಹರಿಯುತ್ತದೆ. ಅನೇಕ ಬಡಾವಣೆಗಳಲ್ಲಿ ವರ್ಷಾನುಗಟ್ಟಲೆ ನಾಲ್ಕಾರು ದಿನಗಳಿಗೊಮ್ಮೆ ನೀರು ಬಿಡುತ್ತಿದ್ದರು. ನೀರು ಬಂದ ದಿನ ಮದುವೆಮನೆಯ ಗದ್ದಲ. ಕೊಡ, ಹಂಡೆ, ಬಕೆಟ್ಟು, ಬ್ಯಾರಲ್ಲುಗಳನ್ನೆಲ್ಲ ತುಂಬಿಡುವ ಧಾವಂತ. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ದಿನದ ಇಪ್ಪತ್ನಾಲ್ಕು ತಾಸೂ ನೀರು ಕೊಡುವ ಪ್ರಯೋಗ ಪ್ರಾರಂಭವಾದಾಗ ಉಳಿದ ಓಣಿಗಳ ಜನ ಅದನ್ನು ಒಂದು ಸೋಜಿಗವೆಂಬಂತೆ ನೋಡಿದ್ದುಂಟು.

ಅಂತಹ ಒಂದು ಹಳೆಯ ಓಣಿಯಲ್ಲಿ ತಾಯಿಯೊಬ್ಬರು ಒಂಟಿಯಾಗಿ ವಾಸವಾಗಿದ್ದಾರೆ. ವಯಸ್ಸು ಅರವತ್ತೆಂಟು. ಯಜಮಾನರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದವರು; ಲಿಂಗೈಕ್ಯರಾಗಿ ಒಂದು ವರ್ಷ ಕಳೆದಿತ್ತು. ಅವರಿದ್ದಷ್ಟು ದಿನ ಆ ಮನೆಗೆ ಪ್ಲಂಬರನಾಗಲಿ ಎಲೆಕ್ಟ್ರಿಷಿಯನ್ನನಾಗಲಿ ಬಂದುದು ಅಪರೂಪ. ಭಾನುವಾರ ಬೆಳಿಗ್ಗೆ ತಗಡಿನ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು ಕುಳಿತರೆಂದರೆ ಬಾಗಿಲ ಚಿಲಕ, ಫ್ಯಾನಿನ ರೆಗ್ಯುಲೇಟರು, ಸೈಕಲ್ಲಿನ ಚೈನು ಎಲ್ಲವೂ ಅವರ ಕೈಯಲ್ಲಿ ಸರಿಯಾಗುತ್ತಿದ್ದವು. ಅವರು ಹೋದ ಮೇಲೆ ಆ ಡಬ್ಬಿ ಅಟ್ಟದ ಮೇಲೆ ಹಾಗೆಯೇ ಉಳಿಯಿತು. ಅದನ್ನು ಮುಟ್ಟುವ ಮನಸ್ಸು ಆ ತಾಯಿಗೆ ಆಗಿರಲಿಲ್ಲ.

2024ರ ಬೇಸಿಗೆಯ ಆರಂಭದಲ್ಲಿ ಅಡುಗೆಮನೆಯ ನಳ ಸೋರಲು ತೊಡಗಿತು. ಮೊದಲು ಗಟ್ಟಿಯಾಗಿ ತಿರುಗಿಸಿದರೆ ನಿಲ್ಲುತ್ತಿತ್ತು. ಆಮೇಲೆ ಇನ್ನಷ್ಟು ಗಟ್ಟಿಯಾಗಿ ತಿರುಗಿಸಬೇಕಾಯಿತು. ಕೊನೆಗೆ ಎಷ್ಟು ಬಿಗಿದರೂ ನಿಲ್ಲದಾಯಿತು. ನಳದ ಬಾಯಿಗೆ ಅರಿವೆಯ ಚಿಂದಿ ಕಟ್ಟಿದರು; ಸದ್ದು ನಿಂತಿತು, ನೀರು ಚಿಂದಿಯ ಗುಂಟ ಇಳಿಯುತ್ತಲೇ ಇತ್ತು. ಪ್ಲಂಬರನಿಗೆ ಎರಡು ಸಲ ಹೇಳಿ ಕಳಿಸಿದರು. ಆತ ಬರುತ್ತೇನೆಂದವನು ಬರಲಿಲ್ಲ. ಹೊಸ ಕಟ್ಟಡಗಳಲ್ಲಿ ದಿನಗೂಲಿ ಕೆಲಸ ಸಿಗುವಾಗ ಒಂದು ವಾಷರಿಗಾಗಿ ಅರ್ಧ ದಿನ ಕಳೆಯುವುದು ಅವನಿಗೂ ಕಷ್ಟವೇ.

ಬೆಂಗಳೂರಿನಲ್ಲಿರುವ ಮಗನಿಗೆ ಫೋನಿನಲ್ಲಿ ಈ ವಿಷಯ ತಿಳಿಯಿತು. ಅಲ್ಲಿ ಆಗ ನೀರಿನ ಬವಣೆ ವಿಪರೀತವಾಗಿತ್ತು. ನೂರು ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿಸಿ ತರುವ ಕಾವೇರಿ ನೀರೂ ಸಾಲದೆ, ಬತ್ತಿದ ಕೊಳವೆಬಾವಿಗಳ ಮುಂದೆ ಜನ ಟ್ಯಾಂಕರಿಗಾಗಿ ಕಾಯುತ್ತಿದ್ದರು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡವೆಂದು ಆ ಮಾರ್ಚ್ ತಿಂಗಳಿನಲ್ಲಿ ಜಲಮಂಡಳಿಯ ಆದೇಶವೂ ಹೊರಟಿತ್ತು. ಹಾಗಿರುವಾಗ ಊರಿನ ಮನೆಯಲ್ಲಿ ನಳ ಸೋರುತ್ತಿದೆಯೆಂದರೆ ಮಗನಿಗೆ ಬೇಸರವಾದುದು ಸಹಜ. ಆದರೆ ಅವನ ಮಾತು ನಳದ ಹತ್ತಿರ ನಿಲ್ಲಲಿಲ್ಲ.

"ಯವ್ವಾ, ಒಂದು ನಳ ರಿಪೇರಿ ಮಾಡಿಸ್ಲಿಕ್ಕೆ ಆಗವಲ್ದು. ಇಷ್ಟು ದೊಡ್ಡ ಮನಿ ಒಬ್ಬಾಕಿನ ಹೆಂಗ ನೋಡ್ಕೋತೀ? ಮನಿ ಮಾರಿ ಇಲ್ಲೇ ಬಂದುಬಿಡು."

"ಆತಪ್ಪಾ, ನೋಡೂಣು" ಎಂದಷ್ಟೇ ಹೇಳಿ ತಾಯಿ ಫೋನು ಇಟ್ಟರು.

ಮಗನ ಮಾತಿನಲ್ಲಿ ಅಕ್ಕರೆಯಿತ್ತು, ಅದನ್ನು ಅವರು ಬಲ್ಲರು. ಆದರೆ ನಲವತ್ತು ವರ್ಷ ಬಾಳಿದ ಮನೆಯಲ್ಲಿ ತಾವಿನ್ನು ಇರಲಾರಿರಿ ಎಂಬುದಕ್ಕೆ ಒಂದು ಸೋರುವ ನಳವೇ ಸಾಕ್ಷಿಯಾಗಿ ನಿಂತುದು ಅವರನ್ನು ನೋಯಿಸಿತು. ಆ ರಾತ್ರಿ ಚಿಂದಿಯನ್ನು ಬಿಚ್ಚಿದರು. ಹತ್ತು ಗಂಟೆಗೆ ನಳದ ಕೆಳಗೆ ಪಾತ್ರೆಯೊಂದನ್ನು ಇಟ್ಟು ಮಲಗಿದರು. ಬೆಳಗಿನ ಆರಕ್ಕೆ ಎದ್ದು, ಲೀಟರಿನ ಅಳತೆಯಿಂದ ಆ ನೀರನ್ನು ಅಳೆದರು. ಭರ್ತಿ ನಾಲ್ಕು ಲೀಟರು!

ಎಂಟು ತಾಸಿಗೆ ನಾಲ್ಕು ಲೀಟರು, ದಿನಕ್ಕೆ ಹನ್ನೆರಡು. ವರ್ಷಕ್ಕೆ ಲೆಕ್ಕ ಹಾಕಿದರೆ 4,380 ಲೀಟರು. ಹಳ್ಳಿಯ ಮನೆಗಳಿಗೆ ನಳದ ನೀರು ಮುಟ್ಟಿಸಲು 2019ರಲ್ಲಿ ಆರಂಭವಾದ ಜಲಜೀವನ ಯೋಜನೆ ಒಬ್ಬರಿಗೆ ದಿನಕ್ಕೆ 55 ಲೀಟರು ಎಂದು ಗೊತ್ತುಪಡಿಸಿದೆ. ಆ ಅಳತೆಯಲ್ಲಿ ಇದು ಒಬ್ಬ ಮನುಷ್ಯನ ಸುಮಾರು ಎಂಬತ್ತು ದಿನಗಳ ನೀರು. ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಆಗಬೇಕಾದ ನೀರು ಯಾರ ಬಾಯಾರಿಕೆಯನ್ನೂ ತಣಿಸದೆ ಗಟಾರಕ್ಕೆ ಹೋಗುತ್ತಿತ್ತು. ಅಳೆಯುವವರೆಗೆ ಅದು ಬರಿಯ ಹನಿ. ಅಳೆದ ಮೇಲೆ ಅದು ಲೆಕ್ಕ.

ಅಂದು ಮಧ್ಯಾಹ್ನ ಆ ತಾಯಿ ಅಟ್ಟದ ಮೇಲಿನ ಡಬ್ಬಿಯನ್ನು ಕೆಳಗಿಳಿಸಿದರು. ಮುಚ್ಚಳ ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು. ತುಕ್ಕು ಹಿಡಿದಿತ್ತು, ಕೈಯೂ ನಡುಗುತ್ತಿತ್ತು. ಒಳಗೆ ಪಾನಾ, ಇಕ್ಕಳ, ಎರಡು ಸ್ಕ್ರೂಡ್ರೈವರು, ನೂಲಿನ ಉಂಡೆ. ಕಡ್ಡಿಪೆಟ್ಟಿಗೆಯೊಂದರ ಮೇಲೆ ಯಜಮಾನರ ದುಂಡನೆಯ ಅಕ್ಷರ: "ನಳದ ವಾಷರ್, ಅರ್ಧ ಇಂಚು." ಒಳಗಿದ್ದ ವಾಷರುಗಳು ಹಳತಾಗಿ ಒಣಗಿ, ಬಗ್ಗಿಸಿದರೆ ಬಿರಿಯುತ್ತಿದ್ದವು. ಪ್ರೀತಿಯಿಂದ ಕೂಡಿಟ್ಟದ್ದೆಂದು ರಬ್ಬರು ಮೆತ್ತಗೆ ಉಳಿಯುವುದಿಲ್ಲ. ಆ ತಾಯಿ ಒಂದನ್ನು ಸೆರಗಿಗೆ ಗಂಟು ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ನಡೆದರು. ಅದೇ ಅಳತೆಯ ಹೊಸ ವಾಷರುಗಳು ಹತ್ತು ರೂಪಾಯಿಗೆ ಎರಡು ದೊರೆತವು.

ಇಲ್ಲಿ ನಳದ ಒಳಗುಟ್ಟನ್ನು ಸ್ವಲ್ಪ ತಿಳಿಯಬೇಕು. ತಿರುಗಿಸಿ ಬಂದ್ ಮಾಡುವ ಹಳೆಯ ಬಗೆಯ ಹಿತ್ತಾಳೆಯ ನಳದಲ್ಲಿ ಹಿಡಿಕೆಯ ಕೆಳಗೆ ಒಂದು ಮರೆಯ ದಂಡವಿರುತ್ತದೆ. ಅದರ ತುದಿಯ ಸಣ್ಣ ಬಿಲ್ಲೆಗೆ ರಬ್ಬರಿನ ವಾಷರ್ ಕೂಡಿಸಿರುತ್ತಾರೆ. ಹಿಡಿಕೆ ತಿರುಗಿಸಿದಾಗ ದಂಡ ಕೆಳಗಿಳಿದು, ನೀರು ಬರುವ ರಂಧ್ರದ ಅಂಚಿನ ಮೇಲೆ ವಾಷರ್ ಕುಳಿತು ನೀರನ್ನು ತಡೆಯುತ್ತದೆ. ವಾಷರ್ ಸವೆದರೆ, ಅಂಚಿನಲ್ಲಿ ಕಸ ಅಥವಾ ಸುಣ್ಣದಂತಹ ಬಿಳಿಯ ಪದರು ಕೂತರೆ ಹನಿ ಬೀಳತೊಡಗುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ, ಬಲ ಹಾಕಿ ಬಿಗಿಯುವುದು. ಬಿಗಿದಷ್ಟೂ ರಬ್ಬರು ಜಜ್ಜಿಹೋಗುತ್ತದೆ, ಕೊನೆಗೆ ಹಿತ್ತಾಳೆಯ ಅಂಚೂ ಕೆಡುತ್ತದೆ. ಸೋರಿಕೆಗೆ ಬಲ ಮದ್ದಲ್ಲ. ಬಿಚ್ಚಿ ನೋಡುವ ತಾಳ್ಮೆಯೇ ಮದ್ದು.

ಆ ತಾಯಿಗೆ ಯಜಮಾನರು ಮಾಡುತ್ತಿದ್ದುದು ನೆನಪಿತ್ತು. ನಲವತ್ತು ವರ್ಷ ಪಕ್ಕದಲ್ಲಿ ನಿಂತು "ಪಾನಾ ಕೊಡು, ದೀಪಾ ಹಿಡಿ" ಎಂದಾಗ ಕೊಟ್ಟು, ಹಿಡಿದು ನೋಡಿದ ಕಣ್ಣುಗಳವು. ಆದರೆ ತಾರಸಿಯ ಕಬ್ಬಿಣದ ಏಣಿ ಹತ್ತಿ ಟಾಕಿಯ ವಾಲ್ವ್ ಬಂದ್ ಮಾಡುವುದು ಮೊಣಕಾಲು ನೋವಿನಿಂದ ಸಾಧ್ಯವಿರಲಿಲ್ಲ. ನೆರೆಮನೆಯ ಹುಡುಗಿಯನ್ನು ಕರೆದರು. ಪಿಯುಸಿ ಓದುತ್ತಿದ್ದ ಆಕೆ ಸರಸರನೆ ಏರಿ ವಾಲ್ವ್ ತಿರುಗಿಸಿ ಬಂದು, "ಆಯೀ, ಇನ್ನೇನು ಮಾಡ್ಬೇಕ್ರಿ?" ಎಂದು ಪಕ್ಕದಲ್ಲಿ ಕುಳಿತಳು.

ನಳ ಬಿಟ್ಟು ಪೈಪಿನಲ್ಲಿದ್ದ ನೀರನ್ನು ಬಕೆಟ್ಟಿಗೆ ಇಳಿಸಿದರು. ತಿರುಪು ಜಾರಿ ಬಿದ್ದರೆ ಹೋಗದಂತೆ ಸಿಂಕಿನ ರಂಧ್ರಕ್ಕೆ ಅರಿವೆ ತುರುಕಿದರು. ಹೊಳಪು ಕೆಡದಿರಲೆಂದು ನಟ್ಟಿಗೆ ಬಟ್ಟೆ ಸುತ್ತಿ ಪಾನಾ ಹಾಕಿ, ಇನ್ನೊಂದು ಕೈಯಿಂದ ನಳದ ಬುಡವನ್ನು ಹಿಡಿದು, ಎಡಕ್ಕೆ ತಿರುಗಿಸಿದರು. ಬುಡವನ್ನು ಹಿಡಿಯದಿದ್ದರೆ ಗೋಡೆಯೊಳಗಿನ ಪೈಪೇ ತಿರುಗಿ ಸಂದು ಸಡಿಲಾಗುತ್ತದೆ. ಮೇಲಿನ ಭಾಗ ಕಳಚಿ ಬಂದಿತು. ಹಳೆಯ ವಾಷರಿನಲ್ಲಿ ಉಂಗುರದಂತೆ ಆಳವಾದ ಕಚ್ಚು ಬಿದ್ದಿತ್ತು. ಅದನ್ನು ತೆಗೆದು ಹೊಸದನ್ನು ಕೂಡಿಸಿ, ಎಲ್ಲವನ್ನೂ ಮೊದಲಿನಂತೆ ಜೋಡಿಸಿದರು. ಹುಡುಗಿ ವಾಲ್ವ್ ಬಿಟ್ಟು ಬಂದಳು.

ನಳ ಬಂದ್ ಮಾಡಿದರು. ಹನಿ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೊಂದು ಬಿತ್ತು.

ಆ ತಾಯಿಯ ಮುಖ ಬಾಡಿತು. ಮಗನೇ ಸರಿಯೇನೋ ಎಂಬ ಮಾತು ಬಾಯವರೆಗೆ ಬಂದಿತು. ಇನ್ನಷ್ಟು ಬಿಗಿಯಲು ಕೈ ತಾನಾಗಿ ಹಿಡಿಕೆಗೆ ಹೋಯಿತು. ಹೋದ ಕೈಯನ್ನು ಅವರೇ ತಡೆದರು. ಮತ್ತೆ ಹುಡುಗಿಯನ್ನು ಮೇಲೆ ಕಳಿಸಿ, ಮತ್ತೆ ಬಿಚ್ಚಿ, ಈ ಸಲ ಬ್ಯಾಟರಿಯ ಬೆಳಕು ಬಿಟ್ಟು ಒಳಗಿನ ಅಂಚನ್ನು ನೋಡಿದರು. ಬೇಸಿಗೆಯಲ್ಲಿ ಬೋರಿನ ಗಡಸು ನೀರನ್ನೂ ಟಾಕಿಗೆ ತುಂಬುತ್ತಿದ್ದುದರಿಂದ ಹಿತ್ತಾಳೆಯ ಮೇಲೆ ಬಿಳಿಯ ಪದರು ಗಟ್ಟಿಯಾಗಿ ಕಟ್ಟಿತ್ತು. ಇದಕ್ಕೆ ಮದ್ದು ಅವರಿಗೆ ಗೊತ್ತಿದ್ದುದೇ. ಹಿತ್ತಾಳೆಯ ಕೊಡ ಬೆಳಗುವ ಹುಣಸೆಹಣ್ಣನ್ನು ನೆನೆಹಾಕಿ, ಅದರ ಹುಳಿಯನ್ನು ಬಟ್ಟೆಯ ತುದಿಗೆ ಹಚ್ಚಿ, ಬೆರಳಿನಿಂದ ಒತ್ತಿ ಒತ್ತಿ ಉಜ್ಜಿದರು. ಬೆರಳು ಆಡಿಸಿದಾಗ ಅಂಚು ನುಣುಪಾಗುವವರೆಗೆ ಬಿಡಲಿಲ್ಲ. ಯಜಮಾನರ ಡಬ್ಬಿಯಲ್ಲಿ ಇಲ್ಲದ ಈ ವಿದ್ಯೆ ಅವರ ಅಡುಗೆಮನೆಯಲ್ಲಿಯೇ ಇತ್ತು. ಜೋಡಿಸಿ, ನೀರು ಬಿಟ್ಟು, ಎರಡು ಬೆರಳಿನಿಂದ ಮೆಲ್ಲಗೆ ಬಂದ್ ಮಾಡಿದರು. ಹನಿ ನಿಂತಿತು. ಹುಡುಗಿ ನೂರರವರೆಗೆ ಎಣಿಸಿದಳು, ಬೀಳಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರ ಹೆಸರುಗಳನ್ನು ನೆನೆದರೆ ಕೈಗೆಲಸದ ಒಂದು ಲೋಕವೇ ಕಣ್ಣ ಮುಂದೆ ನಿಲ್ಲುತ್ತದೆ. ಬಟ್ಟೆ ಮಡಿ ಮಾಡಿದ ಮಾಚಯ್ಯ, ಹಗ್ಗ ಹೊಸೆದ ಚಂದಯ್ಯ, ಬುಟ್ಟಿ ಹೆಣೆದ ಕೇತಯ್ಯ, ದೋಣಿ ನಡೆಸಿದ ಚೌಡಯ್ಯ. ಇವರಾರೂ ಕೆಲಸವನ್ನು ಹಿರಿದು ಕಿರಿದೆಂದು ಬಗೆಯಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರೂ ಬಲ್ಲುದೇ. ಪತಿ ಮಾರಯ್ಯ ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಆಕೆ ಹೇಳಿದಳು. ಬೇಕಾದಷ್ಟನ್ನೇ ಪಡೆಯುವುದು ಅಕ್ಕಿಗೆ ಸಲ್ಲುವ ನೀತಿಯಾದರೆ ನೀರಿಗೂ ಸಲ್ಲುತ್ತದೆ. ಬಳಸದೆ ಕಳೆದ ನೀರು ಇನ್ನೊಬ್ಬರ ಕೊಡದಿಂದ ತೆಗೆದ ನೀರು. ಅದನ್ನು ತಡೆಯುವ ಕೈ ಪ್ಲಂಬರನದಾಗಲಿ ವೃದ್ಧೆಯದಾಗಲಿ, ಮಾಡುವುದು ಕಾಯಕವನ್ನೇ.

ಇದರಿಂದ ತಾಯಿ-ಮಗನ ನಡುವಣ ಮಾತು ಮುಗಿಯಿತೆಂದು ತಿಳಿಯಬಾರದು. ಮೊಣಕಾಲು ನೋವು ಹಾಗೆಯೇ ಇದೆ, ಏಣಿ ಹತ್ತಲು ನೆರೆಯವರ ಕಾಲು ಬೇಕೇ ಬೇಕು. ಮನೆಯ ಪ್ರಶ್ನೆ ಇನ್ನೂ ಉಳಿದಿದೆ. ಆದರೆ ಆ ಸಂಜೆಯ ಫೋನಿನಲ್ಲಿ ಮಗ ಮೊದಲಿನಂತೆ ಹೇಳಲಿಲ್ಲ, ಕೇಳಿದ. ತನ್ನ ಬಾಡಿಗೆ ಮನೆಯ ಬಚ್ಚಲಿನ ನಳವೂ ಸೋರುತ್ತಿದೆಯೆಂದೂ, ಯಾವ ಕಡೆ ತಿರುಗಿಸಬೇಕೆಂದೂ ಕೇಳಿದ. ತಾಯಿ ಹೇಳಿಕೊಟ್ಟರು. ತೀರ್ಮಾನ ಯಾವುದಾದರೂ ಆಗಲಿ, ಅದನ್ನು ಇನ್ನು ಆ ತಾಯಿಯೂ ಕೂಡಿಯೇ ಮಾಡುವಂತಾಯಿತು.

ಓದುವ ತಾಯಂದಿರು, ಮಹನೀಯರು ಇಂದು ರಾತ್ರಿ ಮಲಗುವ ಮುನ್ನ ಮನೆಯ ನಳಗಳನ್ನೊಮ್ಮೆ ನೋಡಬೇಕು. ಹನಿ ಬೀಳುತ್ತಿದ್ದರೆ ಕೆಳಗೊಂದು ಪಾತ್ರೆಯನ್ನಿಟ್ಟು ಬೆಳಿಗ್ಗೆ ಅಳೆಯಬೇಕು. ನೀರು ನಳದ ಬಾಯಿಂದ ಬೀಳುತ್ತಿದ್ದರೆ ದೋಷ ವಾಷರಿನದು ಅಥವಾ ಅದು ಕೂಡುವ ಅಂಚಿನದು. ಹಿಡಿಕೆಯ ಬುಡದಿಂದ ಜಿನುಗುತ್ತಿದ್ದರೆ ಅಲ್ಲಿಯ ನೂಲು ಸವೆದಿರುತ್ತದೆ. ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದೊಡನೆ ನಿಲ್ಲುವ ಹೊಸ ಬಗೆಯ ನಳಗಳಲ್ಲಿ ವಾಷರಿಗೆ ಬದಲು ಒಳಗಿನ ತುಂಡನ್ನೇ ಇಡಿಯಾಗಿ ಬದಲಿಸಬೇಕಾಗುತ್ತದೆ. ಎಲ್ಲಿಂದ ಸೋರುತ್ತಿದೆಯೆಂದು ಮೊದಲು ಅರಿಯುವುದು, ಆಮೇಲೆ ಕೈ ಹಚ್ಚುವುದು. ತನ್ನಿಂದಾಗದಿದ್ದರೆ ಬಲ್ಲವರನ್ನು ಕರೆದು, ಅವರ ದುಡಿಮೆಗೆ ತಕ್ಕುದನ್ನು ಕೊಟ್ಟು ಮಾಡಿಸುವುದು. ಚಿಂದಿ ಕಟ್ಟಿ ಸದ್ದಡಗಿಸುವುದು ಮಾತ್ರ ಬೇಡ. ಸದ್ದಡಗಿದ ಸೋರಿಕೆಯೇ ಹೆಚ್ಚು ಹಾನಿ ಮಾಡುವುದು, ಮನೆಯಲ್ಲಿಯೂ ಮನದಲ್ಲಿಯೂ.