ಉದಕಮಂಡಲದ ಜನಸಂಖ್ಯೆ

ಗುಂಡ್ಲುಪೇಟೆ, ಬಂಡೀಪುರ, ಗೂಡಲೂರುಗಳ ಮಾರ್ಗವಾಗಿ ನಾವು ಊಟಿಯೆಂದು ಜನರು ಕರೆಯುವ ಉದಕಮಂಡಲವನ್ನು ಸೇರಿದಾಗ ವೈಶಾಖದ ಒಂದು ಸಂಜೆ. ತಂಗಿದ ವಸತಿಗೃಹದಲ್ಲಿ ಕೈಕಾಲು ತೊಳೆಯಲೂ ನೀರಿರಲಿಲ್ಲ. ಒಂದು ಬಕೆಟ್ಟು ನೀರು ತಂದಿಟ್ಟ ಹಿರಿಯರು ಬಡಗ ಸಮುದಾಯದವರು. ಬಡಗಣ ಮೈಸೂರು ಸೀಮೆಯಿಂದ ಬಂದವರಾದುದರಿಂದ ಆ ಹೆಸರೆಂದು ಅವರಲ್ಲಿ ಪ್ರತೀತಿ. ಅವರ ನುಡಿ ನಮಗೆ ಮುಕ್ಕಾಲು ಪಾಲು ತಿಳಿಯಿತು.

"ಈ ಊರಿನ ಜನಸಂಖ್ಯೆ ಎಷ್ಟು, ಯಜಮಾನರೆ?" ಎಂದು ಕೇಳಿದೆವು.

"ಯಾವ ತಿಂಗಳಲ್ಲಿ, ಸ್ವಾಮಿ?" ಎಂದರು.

2001ರ ಜನಗಣತಿಯಂತೆ ಇಲ್ಲಿಯ ಜನ 93,987, 2011ರಲ್ಲಿ 88,430. ಹತ್ತು ವರ್ಷಗಳಲ್ಲಿ ಐದು ಸಾವಿರಕ್ಕೂ ಮಿಕ್ಕಿ ಇಳಿದಿದೆ! 2021ರಲ್ಲಿ ಗಣತಿಯೇ ನಡೆಯಲಿಲ್ಲ. ಕಾಗದದಲ್ಲಿ ಕುಗ್ಗಿದ ಊರು ಬೀದಿಯಲ್ಲಿ ಕಾಲಿಡಲು ಎಡೆಯಿಲ್ಲದಷ್ಟು ತುಂಬಿದೆ. ಗಣತಿಯು ಎಣಿಸುವುದು ನಿವಾಸಿಗಳನ್ನು, ಅದೂ ಫೆಬ್ರವರಿಯಲ್ಲಿ. ಪುಷ್ಪಪ್ರದರ್ಶನ ನಡೆಯುವುದು ಮೇ ತಿಂಗಳಲ್ಲಿ. ನೀರಿಗೂ ಚರಂಡಿಗೂ ಈ ಭೇದ ತಿಳಿಯದು.

ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. 2025ರ ಬೇಸಗೆಯಲ್ಲಿ ದಿನಕ್ಕೆ 6,000, ವಾರದ ಕೊನೆಯಲ್ಲಿ 8,000 ವಾಹನಗಳೆಂದು ಮಿತಿಯನ್ನೂ ವಿಧಿಸಲಾಯಿತು. ವಾಹನಕ್ಕೆ ನಾಲ್ವರೆಂದರೂ 32,000 ಮಂದಿ, ಎಂದರೆ ನಗರದ ಜನರ ಮೂರರಲ್ಲೊಂದು ಪಾಲಿಗೂ ಹೆಚ್ಚು. ಮಿತಿಯೇ ಇಷ್ಟು! ನಾವೂ ಆ ಲೆಕ್ಕದೊಳಗಿನವರೇ.

ಮರುದಿನ ಮುಂಜಾನೆ ಆ ಹಿರಿಯರು ಮತ್ತೊಂದು ಬಕೆಟ್ಟು ತಂದರು. ನೀರು ಬಂದಿತೇ ಎಂದು ವಿಚಾರಿಸಿದೆವು. ಇಲ್ಲ, ತಮ್ಮ ಮನೆಯದು ಎಂದರು.