ತಪ್ಪು ರಸ್ಟ್‌ದಲ್ಲ

ಬಳ್ಳಿಗಾವಿಯ ಮನೇಲಿ ನನ್ನ ಹಳೇ ಲ್ಯಾಪ್‌ಟಾಪ್. ಸಿಸ್ಟಂ ವಿವರ ತೋರಿಸೋಕೆ ನಿಯೋಫೆಚ್ ಒದ್ದಾಡ್ತಿತ್ತು. ಅದು ಬ್ಯಾಶ್ ಸ್ಕ್ರಿಪ್ಟ್. 2024ರಲ್ಲಿ ಅದರ ಕೆಲಸವೂ ನಿಂತಿತು. ನಾನೇ ರಸ್ಟ್‌ನಲ್ಲಿ ಒಂದು ಬರೆದೆ. ಅದೂ ನಿಧಾನ! ಎರಡು ರಾತ್ರಿ ರಸ್ಟ್‌ಗೆ ಬೈದೆ. ತಪ್ಪು ನಂದೇ: ರ‍್ಯಾಮ್‌ಗೆ ಒಂದು ಕಮಾಂಡ್, ಅಪ್‌ಟೈಮ್‌ಗೆ ಇನ್ನೊಂದು ಅಂತ ಸಾಲುಸಾಲಿಗೂ ಹೊಸ ಪ್ರಾಸೆಸ್ ಎಬ್ಬಿಸುತ್ತಿದ್ದೆ.

ಸಂಜೆ ಕೇದಾರೇಶ್ವರನ ಹತ್ತಿರ ಹೋಗಿ ಕೂತೆ. ಇಲ್ಲಿನ ಕೋಡಿಮಠದಲ್ಲಿ ಏನು ಕಲಿಸುತ್ತಿದ್ದರು, ಯಾರಿಗೆ ಊಟ ಹಾಕುತ್ತಿದ್ದರು ಅನ್ನೋದೆಲ್ಲ 1162ರ ಶಾಸನದಲ್ಲಿದೆ. ಯಾರನ್ನೂ ಎಬ್ಬಿಸಿ ಕೇಳಬೇಕಿಲ್ಲ, ಓದಿದರಾಯಿತು. (ಹಳಗನ್ನಡ ಬರಬೇಕು, ಅದು ಬೇರೆ ಮಾತು.) ಲಿನಕ್ಸ್ ಕರ್ನಲ್ಲೂ ಅಷ್ಟೇ, 'ಪ್ರಾಕ್' ಫೋಲ್ಡರಿನ ಫೈಲು ತೆರೆದ ಗಳಿಗೆಗೆ ಲೆಕ್ಕ ಬರೆದು ಕೊಡುತ್ತೆ. ಮೆಮ್‌ಇನ್ಫೊ, ಅಪ್‌ಟೈಮ್ ಎರಡನ್ನೂ ನೇರ ಓದಿಸಿದೆ. ಎಂಟರ್ ಒತ್ತಿದ್ದೇ ತಡ, ಬಂತು.

'ಇಷ್ಟಕ್ಕೆ ಎರಡು ರಾತ್ರಿನಾ?' ಅಂದರು ಅಪ್ಪ. ಪ್ಯಾಕೇಜ್ ಎಣಿಸೋಕೆ ಇನ್ನೂ ಡಿಪಿಕೆಜಿಯನ್ನೇ ಎಬ್ಬಿಸ್ತಿದ್ದೀನಿ ಅಂತ ಹೇಳಲಿಲ್ಲ.